ಎಲುಬಿನ ಪುಡಿಯೂ ಬದಲಿ ಕೆಲಸಗಾರನೂ

(ಗಿರಣಿ ಕಾರ್ಮಿಕರ ಅಧ್ಯಯನ ವರ್ಗದಲ್ಲಿ ಮಾಡಿದ ಭಾಷಣ)



ಬೋನಸ್ಸು, ತುಟ್ಟಿಭತ್ಯ, ಅಂಗಡಿಯ ತೆರಿಗೆ ಇವುಗಳ ಮಾತನ್ನು ಬಿಟ್ಟು, ಸಾವಿರಾರು ವರ್ಷಗಳ ಕೆಳಗೆ ಸತ್ತವರ ಎಲುಬಿನ ಮಾತನ್ನು ಈ ಸಭೆಯಲ್ಲಿ ಏಕೆ ತೆಗೆದಿದ್ದೇವೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಎಂ.ಎಸ್ಸಿ. ಮುಗಿಸಿದ್ದಾಳೆ. ವಿಶ್ವವಿದ್ಯಾಲಯವೊಂದು ಹೊರಡಿಸಿದ ಪ್ರಕಟಣೆಯ ಹಾಳೆಯನ್ನು ತಂದೆ ಕಚೇರಿಗೆ ತಂದು ನಮ್ಮ ಮುಂದಿಟ್ಟರು. ಪ್ರಾಚೀನ ಡಿ.ಎನ್.ಎ. ಮತ್ತು ಪುರಾತತ್ವದಲ್ಲಿ ಒಂದು ಸಂಶೋಧನಾ ಹುದ್ದೆ. ಅವಧಿ ಎರಡು ವರ್ಷ. ಮುಂದುವರಿಕೆ ಹಣ ದೊರೆತರೆ ಮಾತ್ರ. ಅವರು ಕೇಳಿದ್ದು ಎರಡೇ ಮಾತು: “ಮೇಷ್ಟ್ರೆ, ಇದೇನು ಸುಡುಗಾಡಿನ ಕೆಲಸವೆ? ಎರಡು ವರ್ಷ ಆದ ಮೇಲೆ ಏನು ಗತಿ?”

ಮೊದಲನೆಯದು ವಿಜ್ಞಾನದ ಪ್ರಶ್ನೆ. ಎರಡನೆಯದು ಕೂಲಿಯ ಪ್ರಶ್ನೆ. ಈ ಎರಡೂ ಒಂದೇ ಹುರಿಯ ಎರಡು ಎಳೆಗಳೆಂದು ನಮ್ಮ ಅಭಿಪ್ರಾಯ. ಅದನ್ನೇ ಈ ಸಂಜೆ ವಿವರಿಸಬೇಕೆಂದಿದ್ದೇವೆ.

ಡಿ.ಎನ್.ಎ. ಎಂದರೆ ನಮ್ಮ ಮೈಯ ಜೀವಕಣಗಳೊಳಗೆ ಇರತಕ್ಕ ಎರಡೆಳೆಯ ಹುರಿ ಎಂದು ತಿಳಿಯಿರಿ. ಅದರ ಮೇಲೆ ಇರುವುದು ನಾಲ್ಕೇ ಅಕ್ಷರ. ಆ ನಾಲ್ಕರಲ್ಲೇ ಸುಮಾರು 300 ಕೋಟಿ ಅಕ್ಷರಗಳ ಬರಹ. ಒಂದು ಪಾಲು ತಾಯಿಯಿಂದ, ಒಂದು ಪಾಲು ತಂದೆಯಿಂದ ಬಂದದ್ದು; ಅವರಿಗೆ ಅವರ ತಂದೆತಾಯಿಗಳಿಂದ ಬಂದದ್ದು. ಹೀಗೆ ಹಿಂದೆ ಹಿಂದೆ ಹೋದರೆ ಪ್ರತಿಯೊಬ್ಬರ ಮೈಯೂ ಒಂದು ಹಳೆಯ ಕಡತವೇ ಸರಿ. ಬದುಕಿರುವವರಲ್ಲಿ ಈ ಹುರಿ ಉದ್ದವಾಗಿ, ಗಟ್ಟಿಯಾಗಿ ಇರುತ್ತದೆ. ಸತ್ತ ಮೇಲೆ, ಸೋರುವ ಗೋದಾಮಿನಲ್ಲಿ ಬಿಟ್ಟ ನೂಲಿನಂತೆ ಲಡ್ಡಾಗಿ ತುಂಡು ತುಂಡಾಗುತ್ತದೆ. ಸಾವಿರಾರು ವರ್ಷವಾದ ಎಲುಬಿನಲ್ಲಿ ಐವತ್ತು ಅರವತ್ತು ಅಕ್ಷರದ ತುಂಡು ಸಿಕ್ಕಿದರೂ ಪುಣ್ಯ. ಆ ತುಂಡುಗಳ ಜತೆಗೆ ಮಣ್ಣಿನ ಕ್ರಿಮಿಗಳ ಡಿ.ಎನ್.ಎ. ರಾಶಿಯಾಗಿ ಕಲೆತಿರುತ್ತದೆ. ಅಗೆದವನ ಬೆವರು, ಎತ್ತಿದವನ ಉಗುಳು, ಪೆಟ್ಟಿಗೆಗೆ ತುಂಬಿದವನ ತಲೆಯ ಹೊಟ್ಟು ಇವೂ ಸೇರಿರುತ್ತವೆ.

ಇದರಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ಹೇಗೆ ತಿಳಿಯಬೇಕು? ಸಂಗಾತಿಗಳೆ, ನಿಮಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹಳೆಯ ನೂಲಿನ ತುದಿ ಬಣ್ಣ ಬಿಟ್ಟಿರುತ್ತದೆಯಷ್ಟೆ. ಹಾಗೆಯೇ ಪ್ರಾಚೀನ ಡಿ.ಎನ್.ಎ. ತುಂಡಿನ ತುದಿಗಳಲ್ಲಿ ‘ಸಿ’ ಎಂಬ ಅಕ್ಷರ ಕೆಟ್ಟು ‘ಟಿ’ ಎಂದು ಓದಿಬರುತ್ತದೆ. ತುದಿ ಕೆಟ್ಟಿದ್ದರೆ ಹಳೆಯದೆಂದು ನಂಬಬಹುದು. ತುದಿಯೆಲ್ಲ ಹೊಸದಾಗಿದ್ದರೆ ಯಾರೋ ಈಚಿನವರು ಮುಟ್ಟಿದ್ದಾರೆಂದು ಅನುಮಾನಿಸಬೇಕು. ಆಮೇಲೆ ತುಂಡುಗಳನ್ನು ಒಂದೊಂದಾಗಿ ಅದರದರ ಸ್ಥಾನಕ್ಕೆ ಕೂಡಿಸಬೇಕು. ರಿಂಗ್ ಫ್ರೇಮಿನ ಮುಂದೆ ನಿಂತು ಕಡಿದ ಎಳೆ ಕೂಡಿಸುವವರಿಗೆ ಈ ತಾಳ್ಮೆಯ ಬೆಲೆ ಗೊತ್ತು.

ಆ ಕೆಲಸ ಮಾಡುವ ಕೋಣೆಯೇ ಬೇರೆ ತೆರ. ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿಯ ಅಂಗಿ ತೊಟ್ಟು, ಮುಖಕ್ಕೆ ಮುಸುಕು, ಕೈಗೆ ಎರಡು ಜತೆ ಚೀಲ ಹಾಕಿಕೊಳ್ಳಬೇಕು. ಗಾಳಿಯನ್ನು ಸೋಸಿ ಒಳಗೆ ಬಿಡುತ್ತಾರೆ. ಮೇಜನ್ನು ಬ್ಲೀಚಿನಿಂದ ಒರಸುತ್ತಾರೆ. ತಲೆಬುರುಡೆಯಲ್ಲಿ ಒಳಗಿವಿಯನ್ನು ಸುತ್ತಿರುವ ಒಂದು ಎಲುಬಿದೆ, ಕಲ್ಲಿನಷ್ಟು ಗಟ್ಟಿ. ಅದರಲ್ಲಿ ಡಿ.ಎನ್.ಎ. ಇತರ ಎಲುಬುಗಳಿಗಿಂತ ಎಷ್ಟೋ ಪಾಲು ಚೆನ್ನಾಗಿ ಉಳಿಯುತ್ತದೆಂದು 2014ರ ಸುಮಾರಿಗೆ ತಿಳಿಯಿತು. ಅಂದಿನಿಂದ ಈ ಶಾಸ್ತ್ರಕ್ಕೆ ಕಾಲು ಬಂತು. ಆ ಎಲುಬನ್ನು ಸಣ್ಣ ಬೈರಿಗೆಯಿಂದ ಕೊರೆದು ಚಿಟಿಕೆಯಷ್ಟು ಪುಡಿ ತೆಗೆಯುತ್ತಾರೆ. ಬಟ್ಟೆಯ ಗಿರಣಿಯಲ್ಲಿ ನಮ್ಮ ಪುಪ್ಪುಸಕ್ಕೆ ಹತ್ತಿ ಧೂಳು ಹೋಗುತ್ತದೆ. ಅಲ್ಲಿ ಕೆಲಸಗಾರನ ಉಸಿರಿನಿಂದ ಧೂಳಿಗೆ ಕೇಡು! ಅಷ್ಟೇ ವ್ಯತ್ಯಾಸ.

ಸುಡುಗಾಡಿನ ಕೆಲಸವೆ ಎಂದು ಕೇಳಿದ ತಂದೆಗೆ ನಾವು ಹೇಳಿದ್ದು: ಅಲ್ಲ, ಇದು ಬಹಳ ನಾಜೂಕಿನ ಕೈಕಸಬು.

ಈ ಕಸಬಿಗೆ ದಾರಿ ಹಾಕಿದವರಲ್ಲಿ ಮೊದಲಿಗರು ಸ್ವೀಡನ್ನಿನ ಸ್ವಾಂತೆ ಪಾಬೊ. ಅವರು 1985ರಲ್ಲಿ ಈಜಿಪ್ಟಿನ ಮಮ್ಮಿಯೊಂದರಿಂದ ಡಿ.ಎನ್.ಎ. ತೆಗೆದೆನೆಂದು ಪ್ರಕಟಿಸಿದರು. ಅದು ಈಚಿನ ಮನುಷ್ಯರ ಸ್ಪರ್ಶದಿಂದ ಸೇರಿದ್ದಿರಬೇಕೆಂದು ಮುಂದೆ ಅವರೇ ಹೇಳಿದರು. ಅಲ್ಲಿಗೆ ಕೈಬಿಡದೆ ಕೋಣೆಯನ್ನೂ ಪದ್ಧತಿಯನ್ನೂ ಬಿಗಿಮಾಡುತ್ತ ಹೋದರು. 2010ರಲ್ಲಿ, ಜರ್ಮನಿಯ ಲೈಪ್‌ಸಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ, ನಿಯಾಂಡರ್ತಾಲ್ ಎಂಬ ಅಳಿದುಹೋದ ಮಾನವ ಕುಲದ ಬರಹವನ್ನು ಓದಿ ಮುಂದಿಟ್ಟರು. 2022ರಲ್ಲಿ ನೊಬೆಲ್ ಬಹುಮಾನ ಬಂತು. ಒಂದು ಇಪ್ಪತ್ತೈದು ವರ್ಷದ ನಿಶ್ಚಿಂತೆಯ ದುಡಿಮೆ ಇಲ್ಲದೆ ಈ ಫಲವಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಇದರಿಂದ ಬಡವನಿಗೇನು ಎಂದು ಕೇಳುವವರಿದ್ದಾರೆ. ಕೊರೋನಾ ಕಾಲದಲ್ಲಿ, 2020ರಲ್ಲಿ, ಪಾಬೊ ಅವರೂ ಅವರ ಜತೆಗಾರರೊಬ್ಬರೂ ಇನ್ನೊಂದು ಸಂಗತಿಯನ್ನು ಕಂಡರು. ಆ ರೋಗ ಉಲ್ಬಣವಾಗುವ ಅಪಾಯವನ್ನು ಹೆಚ್ಚಿಸತಕ್ಕ ಡಿ.ಎನ್.ಎ. ತುಂಡೊಂದು ನಿಯಾಂಡರ್ತಾಲರಿಂದ ನಮಗೆ ಬಂದದ್ದು. ಯೂರೋಪಿನಲ್ಲಿ ನೂರಕ್ಕೆ ಸುಮಾರು 16 ಜನರಲ್ಲಿ ಅದು ಇದ್ದರೆ, ನಮ್ಮ ದಕ್ಷಿಣ ಏಷ್ಯದಲ್ಲಿ ಸುಮಾರು 50 ಜನರಲ್ಲಿ ಇದೆ. ಹಾಸಿಗೆ ಸಿಗದೆ, ಆಮ್ಲಜನಕ ಸಿಗದೆ ಸತ್ತವರ ಸಾವಿಗೆ ಹಳೆಯ ಎಲುಬನ್ನು ಹೊಣೆಮಾಡಿ ಸರ್ಕಾರಗಳು ಪಾರಾಗಲು ನಾವು ಬಿಡುವುದಿಲ್ಲ. ಆದರೆ ಕ್ರೊಯೇಷಿಯದ ಗುಹೆಯಲ್ಲಿ 50,000 ವರ್ಷ ಬಿದ್ದಿದ್ದ ಎಲುಬಿಗೂ ನಮ್ಮ ಓಣಿಯ ಜ್ವರಕ್ಕೂ ನಂಟಿದೆ ಎಂಬುದು ಸುಳ್ಳಲ್ಲ.

ಈಗ ನಮ್ಮ ದೇಶದ ಮಾತಿಗೆ ಬರೋಣ.

ಹರಿಯಾಣದ ಹಿಸಾರ್ ಜಿಲ್ಲೆಯಲ್ಲಿ ರಾಖಿಗಢಿ ಎಂಬ ಹಳ್ಳಿಯಿದೆ. ಸಿಂಧೂ ನಾಗರಿಕತೆಯ ದೊಡ್ಡ ಊರುಗಳಲ್ಲಿ ಅದೊಂದು. ಪುಣೆಯ ಡೆಕ್ಕನ್ ಕಾಲೇಜಿನವರು ಅಲ್ಲಿನ ಸ್ಮಶಾನವನ್ನು ಅಗೆದರು. ಪುರಾತತ್ವದ ಕೆಲಸ ಎಂತಹುದೆಂದು ಇಲ್ಲಿ ಹೇಳಬೇಕು. ಎಲುಬಿನ ಪುಡಿ ಹೇಳುವುದು ಆ ಮನುಷ್ಯ ಯಾರ ಪೈಕಿ ಎಂಬುದನ್ನು ಮಾತ್ರ. ಆತ ಯಾವ ಕಾಲದವನು, ಯಾವ ಪದರದಲ್ಲಿ ಮಲಗಿದ್ದ, ತಲೆ ಯಾವ ದಿಕ್ಕಿಗಿತ್ತು, ಪಕ್ಕದಲ್ಲಿ ಯಾವ ಮಡಕೆ ಇಟ್ಟಿದ್ದರು, ಕೈಯಲ್ಲಿ ಬಳೆ ಇತ್ತೆ ಎಂಬುದನ್ನೆಲ್ಲ ಹೇಳುವುದು ಗುಂಡಿ. ಗುಂಡಿಯನ್ನು ಸರಿಯಾಗಿ ಅಗೆದು ಗುರುತು ಹಾಕಿಕೊಳ್ಳದಿದ್ದರೆ ಪುಡಿ ಮೂಕವಾಗುತ್ತದೆ. ಆದ್ದರಿಂದಲೇ ಆ ಪ್ರಕಟಣೆಯಲ್ಲಿ ಎರಡು ಶಾಸ್ತ್ರಗಳ ಹೆಸರನ್ನು ಒಂದೇ ಹುದ್ದೆಗೆ ಸೇರಿಸಿದ್ದಾರೆ.

ಡಿ.ಎನ್.ಎ. ಉಳಿಯುವುದು ತಣ್ಣಗಿನ, ಒಣ ನೆಲದಲ್ಲಿ. ನಮ್ಮ ಬಿಸಿಲು, ನಮ್ಮ ಮಳೆ ಅದಕ್ಕೆ ವೈರಿ. ರಾಖಿಗಢಿಯಿಂದ 61 ಎಲುಬಿನ ಮಾದರಿಗಳನ್ನು ಪರೀಕ್ಷಿಸಿದರು. ಓದುವುದಕ್ಕೆ ಬಂದದ್ದು ಒಂದೇ ಒಂದು. ಒಬ್ಬ ಹೆಂಗಸಿನದು, ಸುಮಾರು ನಾಲ್ಕೂವರೆ ಸಾವಿರ ವರ್ಷದ ಹಿಂದೆ ಬದುಕಿದ್ದವಳು. ಅವಳೊಬ್ಬಳ ಪುಡಿಯಿಂದ ನೂರಕ್ಕೂ ಹೆಚ್ಚು ಬಾರಿ ಹೊಸದಾಗಿ ಮಾದರಿ ಸಿದ್ಧಪಡಿಸಿ, ಅಕ್ಷರಕ್ಕೆ ಅಕ್ಷರ ಹೆಕ್ಕಿ ಕೂಡಿಸಿದರು. ನೂರು ಸಲ! ಪತ್ರಿಕೆಗಳಲ್ಲಿ ದೊಡ್ಡವರ ಭಾವಚಿತ್ರ ಬಂತು. ಆ ನೂರು ಸಲ ಬೈರಿಗೆ ಹಿಡಿದ, ಕೊಳವೆ ಹಿಡಿದ ಕೈಗಳು ಯಾರವೆಂದು ಯಾರೂ ಕೇಳಲಿಲ್ಲ.

2019ರ ಸೆಪ್ಟೆಂಬರಿನಲ್ಲಿ ಎರಡು ಪ್ರಬಂಧಗಳು ಒಟ್ಟಿಗೇ ಹೊರಬಂದವು. ಒಂದು ಈ ಹೆಂಗಸಿನ ಬಗೆಗೆ. ಅವಳಲ್ಲಿ ಮಧ್ಯ ಏಷ್ಯದ ಹುಲ್ಲುಗಾವಲಿನ ಪಶುಪಾಲಕರ ಅಂಶವಿಲ್ಲ. ಇರಾನಿನ ಕಡೆಯವರಿಗೆ ದೂರದ ಸಂಬಂಧವುಳ್ಳ ಒಂದು ಮೂಲವೂ, ಈ ನೆಲದ ಹಳೆಯ ಬೇಟೆಗಾರರ ಮೂಲವೂ ಬೆರೆತಿವೆ. ಇನ್ನೊಂದು ಪ್ರಬಂಧಕ್ಕೆ ನೂರಕ್ಕೂ ಮೇಲ್ಪಟ್ಟ ಲೇಖಕರು. ಮಧ್ಯ ಏಷ್ಯದಿಂದ ಸ್ವಾತ್ ಕಣಿವೆಯವರೆಗೆ 523 ಪ್ರಾಚೀನ ವ್ಯಕ್ತಿಗಳ ಎಲುಬನ್ನು ಓದಿದ್ದರು. ಹುಲ್ಲುಗಾವಲಿನವರ ಅಂಶ ಕ್ರಿಸ್ತಪೂರ್ವ 2000ದಿಂದ 1500ರ ನಡುವೆ ನಮ್ಮ ಉಪಖಂಡದೊಳಗೆ ಹರಿದುಬಂತೆಂದು ಅದು ತೋರಿಸಿತು.

ಎರಡಕ್ಕೂ ವಿರೋಧವೇ ಇಲ್ಲ. ಅವಳು ಸತ್ತದ್ದು ಮೊದಲು, ಅವರು ಬಂದದ್ದು ಆಮೇಲೆ. ಆದರೂ ಅಂದಿನ ಪತ್ರಿಕಾಗೋಷ್ಠಿಯಲ್ಲಿ, ಹೊರಗಿನಿಂದ ಯಾರೂ ಬರಲೇ ಇಲ್ಲವೆಂಬುದು ಸಿದ್ಧವಾಯಿತೆಂಬ ಅರ್ಥದ ಮಾತು ಬಂತು. ದೊಡ್ಡ ದೊಡ್ಡ ತಲೆಬರಹಗಳಲ್ಲಿ ಅದೇ ಅಚ್ಚಾಯಿತು. ಮದುವೆಗೆ ಹತ್ತು ವರ್ಷ ಮುಂಚೆ ತೆಗೆಸಿದ ಮನೆಯ ಪಟದಲ್ಲಿ ಸೊಸೆ ಕಾಣುವುದಿಲ್ಲವೆಂದು, ಆ ಮನೆಗೆ ಸೊಸೆಯೇ ಬರಲಿಲ್ಲ ಎಂದು ವಾದಿಸಿದರೆ ಯಾರಾದರೂ ಒಪ್ಪುತ್ತಾರೆಯೆ?

ಇದನ್ನು ಕೇಳಿ ಇನ್ನೊಂದು ಪಕ್ಷದವರು ಹಿಗ್ಗಬೇಕಾದ್ದೂ ಇಲ್ಲ. ಹಾಗಾದರೆ ದ್ರಾವಿಡರು ಮಾತ್ರ ಈ ನೆಲದ ಅಪ್ಪಟ ಮಕ್ಕಳು ಎನ್ನುತ್ತಾರೆ. ರಾಖಿಗಢಿಯ ಆ ಹೆಂಗಸೇ ಎರಡು ಮೂಲಗಳ ಬೆರಕೆ. ಅವಳು ಯಾವ ಭಾಷೆ ಆಡುತ್ತಿದ್ದಳೆಂದು ಎಲುಬಿನಲ್ಲಿ ಬರೆದಿಲ್ಲ. ಉಪಖಂಡದ ಇಂದಿನ ಜನರೆಲ್ಲ, ಬೇರೆ ಬೇರೆ ಪ್ರಮಾಣದಲ್ಲಿ, ಬೆರಕೆಯೇ.

ಅದಕ್ಕೂ ಮೊದಲೇ, 2013ರಲ್ಲಿ, ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದವರೂ ಅಮೆರಿಕದ ಹಾರ್ವರ್ಡಿನವರೂ ಸೇರಿ, ಈಗ ಬದುಕಿರುವ 73 ಗುಂಪುಗಳ ಜನರ ಡಿ.ಎನ್.ಎ. ಓದಿ ಒಂದು ಲೆಕ್ಕ ಕೊಟ್ಟಿದ್ದರು. ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೆ ಈ ದೇಶದಲ್ಲಿ ಜನ ಧಾರಾಳವಾಗಿ ಬೆರೆತರು. ಮೇಲಿನವರೆನಿಸಿಕೊಂಡವರು, ಕೆಳಗಿನವರೆನಿಸಿದವರು, ಕಾಡಿನವರು ಯಾರೂ ಇದಕ್ಕೆ ಹೊರತಲ್ಲ. ಆಮೇಲೆ ಬಾಗಿಲು ಹಾಕಿಕೊಂಡರು. ಜಾತಿಯೊಳಗೇ ಮದುವೆಯೆಂಬ ಕಟ್ಟು ಬಿಗಿಯಾಯಿತು. ಜಾತಿ ಅನಾದಿಯೆಂದು ಹೇಳುವ ಪುರೋಹಿತರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಬೇಕಿಲ್ಲ. ಬೆರೆಯುವುದೇ ಹಳೆಯ ಸಂಪ್ರದಾಯ, ಬೇರಾಗಿರುವುದು ಈಚಿನದು.

ಬಾಗಿಲು ಹಾಕಿಕೊಂಡದ್ದಕ್ಕೆ ತೆರಬೇಕಾದ ಬೆಲೆ ಬೇರೆ ಇದೆ. ಈ ಮಾತು ವಿಶೇಷವಾಗಿ ನಮ್ಮ ಪೇಟೆಯ ಬಂಧುಗಳಿಗೆ. 2017ರಲ್ಲಿ ಇದೇ ಸಂಶೋಧಕರು 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿದರು. ಅವುಗಳಲ್ಲಿ 81 ಗುಂಪುಗಳು ಬಹಳ ಹಿಂದೆ ಕೆಲವೇ ಮಂದಿಯಿಂದ ಬೆಳೆದು, ತಮ್ಮತಮ್ಮಲ್ಲೇ ಕೊಟ್ಟು ತಂದು ಮಾಡಿದ್ದರಿಂದ, ಹುಟ್ಟುರೋಗಗಳ ಬೀಜ ಅವರಲ್ಲಿ ಒಟ್ಟಾಗಿ ಉಳಿದಿರುವ ಸಂಭವ ಹೆಚ್ಚೆಂದು ಕಂಡಿತು. ವೈಶ್ಯರದು ಅದರಲ್ಲಿ ಒಂದು. ಶಸ್ತ್ರಕ್ರಿಯೆಗೆ ಮುಂಚೆ ಮಾಂಸಖಂಡ ಸಡಿಲಿಸಲು ಕೊಡುವ ಒಂದು ಬಗೆಯ ಔಷಧವನ್ನು ಕರಗಿಸುವ ಶಕ್ತಿ ಅವರಲ್ಲಿ ಕೆಲವರ ರಕ್ತಕ್ಕೆ ಇರುವುದಿಲ್ಲ. ಹಾಗಿರುವವರಿಗೆ ಆ ಔಷಧ ಕೊಟ್ಟರೆ ಉಸಿರು ಬೇಗ ಮರಳದೆ ಪ್ರಾಣಕ್ಕೇ ಸಂಚಕಾರ. ಮೊದಲೇ ತಿಳಿದಿದ್ದರೆ ವೈದ್ಯರು ಬೇರೆ ಔಷಧ ಕೊಡುತ್ತಾರೆ, ಅಲ್ಲಿಗೆ ತೀರಿತು. ಆಸ್ಪತ್ರೆಗೆ ಹೋದಾಗ ಮನೆಯಲ್ಲಿ ಯಾರಿಗಾದರೂ ಹಾಗಾಗಿತ್ತೆ ಎಂಬುದನ್ನು ಮುಚ್ಚಿಡದೆ ಹೇಳಿರಿ. ಇದು ಒಂದು ಜಾತಿಗೆ ಕಳಂಕವಲ್ಲ. ಒಂದೊಂದು ಗುಂಪಿಗೆ ಒಂದೊಂದು ತೊಡಕು ಇರುತ್ತದೆ. ಹಲವು ತೊಡಕುಗಳನ್ನು ಇನ್ನೂ ಹುಡುಕಿಯೇ ಇಲ್ಲ. ಹುಡುಕುವವರು ಬೇಕು.

ಇಂತಹ ಕೆಲಸ ತಪ್ಪು ಕೈಗೆ ಸಿಕ್ಕರೆ ಏನಾಗುತ್ತದೆಂಬುದಕ್ಕೆ ಜರ್ಮನಿಯೇ ಸಾಕ್ಷಿ. 1927ರಲ್ಲಿ ಬರ್ಲಿನ್ನಿನಲ್ಲಿ ಕೈಸರ್ ವಿಲ್‌ಹೆಲ್ಮ್ ಮಾನವಶಾಸ್ತ್ರ ಸಂಸ್ಥೆ ಹುಟ್ಟಿತು. ಹಿಟ್ಲರನ ಕಾಲದಲ್ಲಿ ಅದು ಜನಾಂಗ ಶುದ್ಧಿಯ ಶಾಸ್ತ್ರಕ್ಕೆ ಮುದ್ರೆ ಒತ್ತಿತು. ಔಶ್ವಿಟ್ಸ್ ಸೆರೆಮನೆಯಿಂದ ಮೆಂಗೆಲೆ ಎಂಬ ವೈದ್ಯ ಕೈದಿಗಳ ದೇಹದ ಮಾದರಿಗಳನ್ನು ಅಲ್ಲಿಗೇ ಕಳುಹಿಸುತ್ತಿದ್ದ. ಅಲ್ಲಿದ್ದವರೆಲ್ಲ ಕಲಿತವರೇ, ಪದವೀಧರರೇ. ಯುದ್ಧವಾದ ಮೇಲೆ ಜರ್ಮನರು ಎಷ್ಟೋ ದಶಕ ಮಾನವಶಾಸ್ತ್ರಕ್ಕೆ ದೊಡ್ಡ ಸಂಸ್ಥೆ ಕಟ್ಟುವುದಕ್ಕೇ ಅಳುಕಿದರು. ಪಾಬೊ ದುಡಿದ ಲೈಪ್‌ಸಿಗ್ಗಿನ ಸಂಸ್ಥೆ ಆದದ್ದು 1997ರಲ್ಲಿ.

ನಮ್ಮಲ್ಲಿ? ಕೇಂದ್ರದ ಸಂಸ್ಕೃತಿ ಸಚಿವಾಲಯ ಜನಾಂಗಗಳ ಶುದ್ಧತೆಯನ್ನು ಪತ್ತೆಮಾಡುವುದಕ್ಕೆ ಡಿ.ಎನ್.ಎ. ಸಲಕರಣೆ ಕೊಳ್ಳಲಿದೆಯೆಂದು 2022ರ ಮೇ ತಿಂಗಳಿನಲ್ಲಿ ಪತ್ರಿಕೆಯೊಂದು ವರದಿಮಾಡಿತು. ವರದಿ ದಾರಿತಪ್ಪಿಸುವಂಥದೆಂದು ಸಚಿವಾಲಯ ಹೇಳಿತು. ಆದರೂ ನೂರಕ್ಕೂ ಹೆಚ್ಚು ವಿಜ್ಞಾನಿಗಳೂ ಇತಿಹಾಸಜ್ಞರೂ ರುಜು ಹಾಕಿ, ಶುದ್ಧ ಜನಾಂಗವೆಂಬ ಕಲ್ಪನೆಯೇ ಅವೈಜ್ಞಾನಿಕವೆಂದು ಸಚಿವಾಲಯಕ್ಕೆ ಪತ್ರ ಬರೆದರು. ಅವರನ್ನು ನಾವು ಅಭಿನಂದಿಸುತ್ತೇವೆ. ಆದರೆ ಹೀಗೆ ರುಜು ಹಾಕುವ ಧೈರ್ಯ ಯಾರಿಗೆ ಬರುತ್ತದೆ? ಕಾಯಂ ಹುದ್ದೆಯಲ್ಲಿರುವವರಿಗೆ, ನಿವೃತ್ತರಿಗೆ ಸುಲಭವಾಗಿ ಬರುತ್ತದೆ. ಮಾರ್ಚಿಗೆ ಅವಧಿ ಮುಗಿಯುವ, ಏಪ್ರಿಲಿಗೆ ಮುಂದುವರಿಸುತ್ತಾರೋ ಇಲ್ಲವೋ ತಿಳಿಯದ ಹುಡುಗನಿಗೆ ಬರುವುದು ಕಷ್ಟ. ಎರಡನೆಯ ಪ್ರಶ್ನೆ ಇಲ್ಲಿಗೆ ಬಂದು ಕೂಡಿಕೊಳ್ಳುತ್ತದೆ.

ಬದಲಿ ಎಂದರೇನೆಂದು ಈ ಸಭೆಗೆ ನಾವು ಹೇಳಿಕೊಡಬೇಕಿಲ್ಲ. ಬೆಳಗಿನ ಪಾಳಿಗೆ ಗೇಟಿನಲ್ಲಿ ಬುತ್ತಿ ಹಿಡಿದು ನಿಂತು, ಇವತ್ತು ಯಾರು ಬಂದಿಲ್ಲವೆಂದು ಜಾಬರನ ಮುಖ ನೋಡತಕ್ಕವನು ಬದಲಿ. 240 ದಿವಸ ತುಂಬುವುದಕ್ಕೆ ಮುಂಚೆ ಬಿಡಿಸಿ, ವಾರ ಕಳೆದ ಮೇಲೆ ಹೊಸ ಹೆಸರಿನಂತೆ ಬರೆದುಕೊಳ್ಳುವ ಚಮತ್ಕಾರವನ್ನು ನಿಮ್ಮಲ್ಲಿ ಹಲವರು ಅನುಭವಿಸಿದ್ದೀರಿ. ಬದಲಿ ಕೆಲಸಗಾರ ಯಂತ್ರ ಕೆಟ್ಟಿದೆಯೆಂದು ಹೇಳುವುದಕ್ಕೂ ಹೆದರುತ್ತಾನೆ. ವಿಶ್ವವಿದ್ಯಾಲಯದ ಈ ಎರಡು ವರ್ಷದ ಸಂಶೋಧಕನೂ ಅದೇ ಪೈಕಿ. ಬಿಳಿಯ ಅಂಗಿ ತೊಟ್ಟಿದ್ದಾನೆ, ಇಂಗ್ಲಿಷು ಬರೆಯುತ್ತಾನೆ, ಅಷ್ಟೆ. ಹೆಸರು ಮಾಡಿದ ಪ್ರಾಧ್ಯಾಪಕರು ಒಂದು ಯೋಜನೆಗೆ ಹಣ ತರುತ್ತಾರೆ. ಹಣ ಇರುವ ತನಕ ಹುಡುಗರು ಇರುತ್ತಾರೆ. ಹಣ ಮುಗಿದರೆ ಚೀಲ ಕಟ್ಟುತ್ತಾರೆ. ಪ್ರಾಧ್ಯಾಪಕರಿಗೆ ಬೇಕಾದ ಉತ್ತರ ಎಲುಬಿನಿಂದ ಬಾರದೆ ಹೋದರೆ? ಸಚಿವರಿಗೆ ಬೇಡವಾದ ಉತ್ತರ ಬಂದರೆ? ಆಗ ಬಾಯಿ ಬಿಡಬೇಕಾದವನು ಈ ಬದಲಿ.

ಶ್ರೀಮಂತ ದೇಶಗಳಲ್ಲಿಯೂ ಇದೇ ಕಥೆ. ಜರ್ಮನಿಯಲ್ಲಿ 2007ರಲ್ಲಿ ಬಂದ ಕಾಯಿದೆಯ ಪ್ರಕಾರ ಸಂಶೋಧಕರನ್ನು ಡಾಕ್ಟರ್ ಪದವಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ತಾತ್ಕಾಲಿಕವಾಗಿ ಇಟ್ಟುಕೊಳ್ಳಬಹುದು. ಇದನ್ನು ಸಮರ್ಥಿಸುವುದಕ್ಕೆ ಅಲ್ಲಿನ ಶಿಕ್ಷಣ ಸಚಿವಾಲಯ ಹನ್ನಾ ಎಂಬ ಒಬ್ಬ ಜೀವಶಾಸ್ತ್ರಜ್ಞೆಯ ಬೊಂಬೆಚಿತ್ರ ಮಾಡಿಸಿತು. ಒಂದು ತಲೆಮಾರಿನವರೇ ಹುದ್ದೆಗಳಲ್ಲಿ ಕೂತು ಕೊಳವೆ ಕಟ್ಟಿಕೊಳ್ಳಬಾರದು, ಜನ ಬಂದು ಹೋಗುತ್ತಿದ್ದರೆ ಹೊಸತನ ಬರುತ್ತದೆ ಎಂಬುದು ಅದರ ಉಪದೇಶ. ಮನುಷ್ಯರನ್ನು ಮೋರಿಯ ಕಸಕ್ಕೆ ಹೋಲಿಸಿದ ಹಾಗಾಯಿತು. 2021ರ ಜೂನಿನಲ್ಲಿ ಸಾವಿರಾರು ಸಂಶೋಧಕರು “ನಾನೇ ಹನ್ನಾ” ಎಂದು ತಮ್ಮತಮ್ಮ ಹೆಸರು, ವಯಸ್ಸು, ಎಷ್ಟನೆಯ ತಾತ್ಕಾಲಿಕ ಕರಾರು ಎಂಬುದನ್ನು ಬಹಿರಂಗವಾಗಿ ಬರೆದು ಪ್ರತಿಭಟಿಸಿದರು. ಸಚಿವಾಲಯ ಆ ಚಿತ್ರವನ್ನು ತೆಗೆದುಹಾಕಬೇಕಾಯಿತು. ಜಾಬರನ ಮುಂದೆ ಒಬ್ಬೊಬ್ಬರೇ ನಿಂತಿದ್ದವರು ಗೇಟಿನಲ್ಲಿ ಒಟ್ಟಾಗಿ ನಿಂತಂತೆ ಆಯಿತು.

ನಮ್ಮ ದೇಶದಲ್ಲಿ ಅರ್ಹತಾ ಪರೀಕ್ಷೆ ಪಾಸಾದ ಕಿರಿಯ ಸಂಶೋಧಕರಿಗೆ 2023ರಲ್ಲಿ ತಿಂಗಳಿಗೆ 37,000 ರೂಪಾಯಿ ಎಂದು ಗೊತ್ತುಮಾಡಿದರು. ಅದಕ್ಕೆ ಮುಂಚೆ 31,000 ಇತ್ತು. ಗಿರಣಿಯ ಕೂಲಿಯ ಮುಂದೆ ಇದು ದೊಡ್ಡದೆಂದು ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ. ನಗಬೇಡಿ. ಇಪ್ಪತ್ತು ವರ್ಷ ಓದಿಸಿದ್ದು ನೀವು. ಆ ಹಣಕ್ಕೆ ಬೋನಸ್ಸಿಲ್ಲ, ಗ್ರಾಚ್ಯುಯಿಟಿ ಇಲ್ಲ. ಅದು ತಿಂಗಳು ತಿಂಗಳಿಗೆ ಬರುವುದಿಲ್ಲ, ಎಷ್ಟೋ ತಿಂಗಳದು ಒಟ್ಟಿಗೆ ಬರುತ್ತದೆಂಬುದು ಸಂಶೋಧಕರ ಬಹುಕಾಲದ ದೂರು. 2018–19ರಲ್ಲಿ ಅವರು ದೇಶಾದ್ಯಂತ ಬೀದಿಗಿಳಿದರು. ತಡವಾದ ಸಂಬಳವನ್ನು ತಡೆದುಕೊಳ್ಳುವ ಶಕ್ತಿ ಯಾರ ಮಗುವಿಗಿದೆ? ಜಮೀನುದಾರನ ಮಗನಿಗೆ, ಅಧಿಕಾರಿಯ ಮಗಳಿಗೆ ಇದೆ. ನೂಲುವವನ ಮಗಳು ಮೂರನೆಯ ತಿಂಗಳಿಗೆ ಊರಿಗೆ ಹಿಂತಿರುಗುತ್ತಾಳೆ. ಹೀಗೆ ಯಾವ ಶಾಸ್ತ್ರ ಜಾತಿಗೆ ಬೆನ್ನೆಲುಬಿಲ್ಲವೆಂದು ತೋರಿಸುತ್ತದೆಯೋ, ಆ ಶಾಸ್ತ್ರದ ಬಾಗಿಲಲ್ಲೇ ಜಾತಿಯೂ ಹಣವೂ ಕಾವಲು ನಿಲ್ಲುತ್ತವೆ.

ಆ ಸದಸ್ಯರಿಗೆ ನಾವು ಕೊಟ್ಟ ಸಲಹೆ: ಕಳುಹಿಸಿ. ಕಣ್ಣು ತೆರೆದು ಕಳುಹಿಸಿ. ಆರು ತಿಂಗಳ ಖರ್ಚಿಗೆ ಸಂಘದ ಸಹಕಾರಿ ನಿಧಿಯಿಂದ ಸಾಲ ಕೊಡಬಹುದೆ ಎಂಬುದನ್ನು ಮುಂದಿನ ಕಾರ್ಯಸಮಿತಿಯಲ್ಲಿ ಇಡುತ್ತೇವೆ.

ಇನ್ನೊಂದು ಮಾತು ನಮ್ಮ ಹಳೆಯ ಗಾಯದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ದಿಂಡುಗಟ್ಟಿ ಲ್ಯಾಂಕಷೈರಿಗೆ ಹೋಗುತ್ತಿತ್ತು. ಅಲ್ಲಿಂದ ಬಟ್ಟೆಯಾಗಿ ಬಂದು ನಮ್ಮ ನೇಕಾರರ ಮಗ್ಗ ನಿಲ್ಲಿಸುತ್ತಿತ್ತು. ಎಲುಬಿನ ವಿಷಯದಲ್ಲಿಯೂ ಇಂಥದೊಂದು ಭಯವಿದೆ. ಅಗೆಯುವುದು ಇಲ್ಲಿ, ದೊಡ್ಡ ಯಂತ್ರ, ದೊಡ್ಡ ಲೆಕ್ಕಾಚಾರ ಬಾಸ್ಟನ್ನಿನಲ್ಲಿ, ಲೈಪ್‌ಸಿಗ್ಗಿನಲ್ಲಿ, ಕೋಪನ್‌ಹೇಗನ್ನಿನಲ್ಲಿ. ರಾಖಿಗಢಿಯ ಹೆಂಗಸಿನ ಬರಹವನ್ನು ಓದುವುದಕ್ಕೆ ಬಾಸ್ಟನ್ನಿನ ನೆರವು ಬೇಕಾಯಿತು. ಅಲ್ಲಿನ ವಿಜ್ಞಾನಿಗಳ ಮೇಲೆ ನಮಗೆ ದ್ವೇಷವಿಲ್ಲ; ಜ್ಞಾನಕ್ಕೆ ಗಡಿ ಹಾಕುವವರ ಪೈಕಿ ನಾವಲ್ಲ. ಹೈದರಾಬಾದಿನಲ್ಲಿ, ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿ ಈ ಕೆಲಸಕ್ಕೆ ಪ್ರಯೋಗಶಾಲೆಗಳಿವೆ ಎಂಬುದೂ ಸಂತೋಷ. ಆದರೆ ಕಾಯಂ ಕೈಗಳಿಲ್ಲದ ಪ್ರಯೋಗಶಾಲೆ, ನೇಕಾರರಿಲ್ಲದ ಮಗ್ಗದಂತೆ. ಒಬ್ಬ ಹುಡುಗಿ ಪುಡಿ ತೆಗೆಯುವುದನ್ನು ಕಲಿಯಲು ಎರಡು ವರ್ಷ ಬೇಕು. ಕಲಿತ ದಿನವೇ ಅವಧಿ ಮುಗಿದರೆ ಆ ಕಸುಬು ಹೋಗುವುದೆಲ್ಲಿಗೆ? ಸಮುದ್ರದಾಚೆಗೆ.

ಎಲುಬು ಯಾರದು ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆನೆವಿಕ್ ಎಂಬ ಊರಿನಲ್ಲಿ, ಕೊಲಂಬಿಯಾ ನದಿಯ ದಡದಲ್ಲಿ, 1996ರಲ್ಲಿ ಸುಮಾರು 8,500 ವರ್ಷದ ಹಿಂದಿನ ಮನುಷ್ಯನೊಬ್ಬನ ಎಲುಬುಗಳು ಸಿಕ್ಕಿದವು. ಅಲ್ಲಿಯ ಮೂಲನಿವಾಸಿ ಬುಡಕಟ್ಟುಗಳು ‘ಇವನು ನಮ್ಮ ಹಿರಿಯ, ಮಣ್ಣು ಮಾಡುತ್ತೇವೆ, ಕೊಡಿ’ ಎಂದವು. ಕೆಲವು ವಿಜ್ಞಾನಿಗಳು, ಇವನು ನಿಮ್ಮವನೆಂಬುದಕ್ಕೆ ಪುರಾವೆಯಿಲ್ಲವೆಂದು ನ್ಯಾಯಾಲಯಕ್ಕೆ ಹೋಗಿ 2004ರಲ್ಲಿ ಗೆದ್ದರು. 2015ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ಅವನ ಡಿ.ಎನ್.ಎ. ಓದಿದರು. ಕಾಲ್‌ವಿಲ್ ಬುಡಕಟ್ಟಿನವರು ಹೋಲಿಕೆಗೆ ತಮ್ಮ ಉಗುಳನ್ನು ಕೊಟ್ಟಿದ್ದರು. ಬುಡಕಟ್ಟಿನವರು ಹೇಳಿದ್ದೇ ನಿಜವಾಯಿತು. ಅವನು ಅವರ ಪೈಕಿಯವನೇ. 2017ರ ಫೆಬ್ರವರಿಯಲ್ಲಿ ಅವನನ್ನು ಅವರೇ ಮಣ್ಣು ಮಾಡಿದರು. ಇಪ್ಪತ್ತು ವರ್ಷಕ್ಕೂ ಮೇಲೆ ಪೆಟ್ಟಿಗೆಯಲ್ಲಿದ್ದ.

ಇದನ್ನು ಕೇಳಿದಾಗ ನಮಗೆ ನೆನಪಾಗುವವರು ದಕ್ಷಿಣ ಕನ್ನಡದ ಕೊರಗರು. ಮಂಗಳೂರು ವಿಶ್ವವಿದ್ಯಾಲಯದವರೂ ಇತರರೂ ಸೇರಿ ಬದುಕಿರುವ ಕೊರಗರ ಡಿ.ಎನ್.ಎ. ಓದಿ, ಸುಮಾರು 4,400 ವರ್ಷ ಹಳೆಯದಾದ, ದ್ರಾವಿಡ ಭಾಷೆಗಳ ಹಿರಿಯರಿಗೆ ಸಂಬಂಧಿಸಿರಬಹುದಾದ ಒಂದು ಮೂಲದ ಗುರುತನ್ನು ಕಂಡೆವೆಂದು 2024ರಲ್ಲಿ ಪ್ರಕಟಿಸಿದರು. ಹಳೆಯ ಎಲುಬುಗಳು ಸಿಕ್ಕಿ ತಾಳೆ ನೋಡಿದ ಮೇಲೆ ಇದು ಗಟ್ಟಿಯಾಗಬೇಕು. ಆದರೂ ಇದು ಕನ್ನಡ ನಾಡಿನ ವಿಶ್ವವಿದ್ಯಾಲಯಕ್ಕೆ ಮೆಚ್ಚಬೇಕಾದ ಕೆಲಸ. ಇದೇ ಕೊರಗರಿಗೆ ಮೇಲುಜಾತಿಯವರು ಅನ್ನದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವುದಕ್ಕೆ ನಮ್ಮ ರಾಜ್ಯ 2000ದಲ್ಲಿ ಕಾಯಿದೆ ಮಾಡಬೇಕಾಯಿತು. ದ್ರಾವಿಡ ನುಡಿಗಳ ಹಿರಿಮೆಗೆ ಸಾಕ್ಷಿ ಹೇಳಬಲ್ಲ ರಕ್ತ. ಆ ರಕ್ತದವರಿಗೆ ಎಂಜಲು. ಆ ಪ್ರಯೋಗಶಾಲೆಯಲ್ಲಿ ಮುಂದೊಂದು ದಿನ ಕೊರಗರ ಮಗಳು ಕಾಯಂ ಹುದ್ದೆಯಲ್ಲಿ ಕೂತು ಆ ಕಡತವನ್ನು ತಾನೇ ಓದಬೇಕು.

ನಮ್ಮ ಹತ್ತಿರದ ಬಳ್ಳಾರಿಯ ಸಂಗನಕಲ್ಲಿನ ಗುಡ್ಡಗಳಿಗೂ ಈ ಮಾತು ತಟ್ಟುತ್ತದೆ. ಅಲ್ಲಿ ನವಶಿಲಾಯುಗದ ಜನ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದ ಕಾರ್ಖಾನೆಯೇ ಇತ್ತು. ಒಡೆದ ಚಕ್ಕೆಗಳು, ಅರ್ಧ ಮಾಡಿ ಬಿಟ್ಟ ಕೊಡಲಿಗಳು, ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಗುಳಿಗಳು ಈಗಲೂ ಕಾಣುತ್ತವೆ. ಅವರೂ ದುಡಿಯುವ ಜನ, ನಮ್ಮ ಕಸಬಿನ ಹಿರಿಯರು. ಧಾರವಾಡದ ಪುರಾತತ್ವಜ್ಞರೂ ಹೊರದೇಶದವರೂ ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಕಲ್ಲು ಗಣಿಯಿಂದ ಆ ಗುಡ್ಡಗಳಿಗೆ ಅಪಾಯವಿದೆಯೆಂದು ಈ ಶತಮಾನದ ಮೊದಲ ವರ್ಷಗಳಲ್ಲೇ ಎಚ್ಚರಿಸಿದರು. ಕಲ್ಲು ಒಡೆಯುವವರೂ ಬಡವರೇ ಎಂಬುದನ್ನು ಮರೆತು ಗಣಿ ಮುಚ್ಚಿರೆಂದು ನಾವು ಹೇಳಲಾರೆವು. ಅವರಿಗೆ ಬೇರೆ ಕಡೆ ಕೆಲಸ ಕೊಟ್ಟು, ಗುಡ್ಡವನ್ನು ಉಳಿಸಬೇಕು. ಗುಡ್ಡ ಹೋದರೆ ಗುಂಡಿ ಹೋಯಿತು. ಗುಂಡಿ ಹೋದರೆ ಯಾವ ಪುಡಿಯೂ ಮಾತಾಡುವುದಿಲ್ಲ.

ಈ ಬಗೆಗೆ ಶಾಸನಸಭೆಯ ಸದಸ್ಯರಿಗೆ ಒಂದು ಮನವಿ ಬರೆದಿದ್ದೇವೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪುರಾತತ್ವದ ಖಾಲಿ ಹುದ್ದೆಗಳನ್ನು ಕಾಯಂ ಆಗಿ ತುಂಬಬೇಕು, ಪ್ರಾಚೀನ ಡಿ.ಎನ್.ಎ. ಕೆಲಸಕ್ಕೆ ಒಂದು ಪ್ರಯೋಗಶಾಲೆಯನ್ನು ರಾಜ್ಯವೇ ಕಟ್ಟಿ, ಅದರಲ್ಲಿ ದುಡಿಯುವವರಿಗೆ ತಿಂಗಳ ಏಳನೆಯ ತಾರೀಖಿನೊಳಗೆ ಸಂಬಳ ಕೊಡಬೇಕು. ಯಾವ ಸಮುದಾಯದ ರಕ್ತ, ಎಲುಬು ಮುಟ್ಟಿದರೂ ಮೊದಲು ಅವರ ಒಪ್ಪಿಗೆ ಪಡೆದು, ಕಂಡದ್ದನ್ನು ಅವರ ಭಾಷೆಯಲ್ಲಿ ಅವರಿಗೇ ಮೊದಲು ತಿಳಿಸಬೇಕು. ಸಂಗನಕಲ್ಲಿನ ಗುಡ್ಡಗಳಿಗೆ ರಕ್ಷಣೆ, ಅಲ್ಲಿಯ ಕಲ್ಲುಕುಟಿಗರಿಗೆ ಬದಲಿ ಉದ್ಯೋಗ ಕೊಡಬೇಕು ಎಂದು ಅದರಲ್ಲಿ ಇದೆ. ಪ್ರತಿ ಕಚೇರಿಯ ಮೇಜಿನ ಮೇಲಿದೆ. ಎರಡನೆಯ ಪಾಳಿಯವರು ಭಾನುವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ಬಂದು ರುಜು ಹಾಕಬಹುದು. ಹೆಬ್ಬೆಟ್ಟಿಗೂ ಜಾಗ ಬಿಟ್ಟಿದ್ದೇವೆ.